ಘಮನೂ ಬೇಕು, ಚಿಟ್ಟೆನೂ ಬೇಕು: 2 ಅಡಿ ಪಾತಿಗೆ, 9 ಕುಂಡಕ್ಕೆ ಏನು ಹಾಕಲಿ?

ಎರಡಡಿಪಾತಿ (ಬೆಂಗಳೂರು), ಜುಲೈ 6

ಎಲ್ಲರಿಗೂ ನಮಸ್ಕಾರ. ನಮ್ಮದು 30-40 ಸೈಟಿನ ಮನೆ. ಕಾಂಪೌಂಡಿಗೂ ಮನೆ ಗೋಡೆಗೂ ನಡುವೆ 2 ಅಡಿ ಅಗಲ, 18 ಅಡಿ ಉದ್ದದ ಮಣ್ಣಿನ ಪಟ್ಟಿ ಉಳಿದಿದೆ. ಸಿಮೆಂಟ್ ಹಾಕಿಸಿಬಿಡೋಣ ಅಂದರು ನಮ್ಮನೆಯವರು. ಜಗಳ ಮಾಡಿ ಉಳಿಸಿಕೊಂಡೆ. ಈಗ ಆ ಜಗಳದ ಮರ್ಯಾದೆ ಉಳಿಸೋ ಹಾಗೆ ಅಲ್ಲಿ ಏನಾದರೂ ಬೆಳೆಸಬೇಕು. ಬೆಳಿಗ್ಗೆ 8ರಿಂದ ಮಧ್ಯಾಹ್ನ 12ರವರೆಗೆ ಬಿಸಿಲು ಬೀಳುತ್ತೆ. ತಾರಸಿಯಲ್ಲಿ 12 ಇಂಚಿನ 9 ಕುಂಡ ಇವೆ, ಅಲ್ಲಿ ದಿನಪೂರ್ತಿ ಬಿಸಿಲು.

ಈಗ ಕುಂಡಗಳಲ್ಲಿ ಇರೋದು ಎರಡು ದುಂಡುಮಲ್ಲಿಗೆ, ಒಂದು ಕಾಕಡ, ಸುಗಂಧರಾಜ, ರಾತ್ರಿರಾಣಿ, ಒಂದು ಪಾರಿಜಾತದ ಸಸಿ. ಹಿಂದಿದ್ದ ಬಾಡಿಗೆಯವರು ಬಿಟ್ಟುಹೋದ ಒಂದು ಕಣಗಿಲೆನೂ ಇದೆ. ಉಳಿದದ್ದೆಲ್ಲ ಅಮ್ಮನ ಆಯ್ಕೆ. ಹಾಸನದಿಂದ ಬಂದು ನಮ್ಮ ಜೊತೆ ಇದ್ದಾರೆ, ಸಂಜೆ ತಾರಸಿಗೆ ಹೋದರೆ ಘಮ್ ಅನ್ನಬೇಕು ಅವರಿಗೆ. ನನ್ನ ಮಗಳಿಗೆ 7 ವರ್ಷ. ಬನ್ನೇರುಘಟ್ಟದ ಚಿಟ್ಟೆ ಪಾರ್ಕಿಗೆ ಕರೆದುಕೊಂಡು ಹೋಗಿದ್ದೇ ತಪ್ಪಾಯ್ತು, ಅವತ್ತಿನಿಂದ "ನಮ್ಮನೆಗೆ ಯಾಕೆ ಬರಲ್ಲ" ಅಂತ ಒಂದೇ ರಾಗ. ನಿಜ ಹೇಳಬೇಕೆಂದರೆ ಎಂಟು ತಿಂಗಳಲ್ಲಿ ಒಂದು ಚಿಟ್ಟೆ ನಮ್ಮ ಹೂವಿನ ಮೇಲೆ ಕೂತಿದ್ದು ನೋಡಿಲ್ಲ. ಹಳದಿದೊಂದು ಬರುತ್ತೆ, ಕಾಂಪೌಂಡ್ ದಾಟಿ ಸೀದಾ ಪಕ್ಕದ ಖಾಲಿ ಸೈಟಿಗೆ ಹೋಗುತ್ತೆ. ಅಲ್ಲಿ ಬರೀ ಕಳೆ. ನಮ್ಮ ಮಲ್ಲಿಗೆಯಲ್ಲಿ ಇಲ್ಲದ್ದು ಅಲ್ಲೇನಿದೆ?

ಚಿಟ್ಟೆಮೇಷ್ಟ್ರು (ಮೈಸೂರು), ಜುಲೈ 6

ಅಮ್ಮನ ಆಯ್ಕೆಯಲ್ಲಿ ತಪ್ಪಿಲ್ಲ. ನಿಮ್ಮ ಪಟ್ಟಿಯನ್ನೇ ಇನ್ನೊಮ್ಮೆ ಓದಿ. ಕಣಗಿಲೆ ಒಂದನ್ನು ಬಿಡಿ. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಬಿಳಿ, ಘಮದ ಹೊತ್ತೂ ಸಂಜೆಯಿಂದ ಮುಂದೆಯೇ. ಕತ್ತಲಲ್ಲಿ ಬಣ್ಣಕ್ಕೆ ಬೆಲೆಯಿಲ್ಲ, ಹಾಗಾಗಿ ಈ ಗಿಡಗಳು ವಾಸನೆ ಬಿಟ್ಟು ಅತಿಥಿಯನ್ನು ಕರೆಯುತ್ತವೆ. ಅವು ಕರೆಯುವ ಅತಿಥಿ ಪತಂಗ. ಸುಗಂಧರಾಜದ ಹೂವನ್ನು ಉದ್ದಕ್ಕೆ ಸೀಳಿ ನೋಡಿ, ಕೆಳಗೆ ಉದ್ದನೆಯ ನಳಿಕೆಯಿದೆ. ಅದರ ಬುಡದಲ್ಲಿರುವ ಮಕರಂದ ಉದ್ದ ಸೊಂಡಿಲಿನ ಹಾಕ್‌ಮಾತ್ ಪತಂಗಕ್ಕೆ ಎಟುಕುತ್ತದೆ. ಅದು ಹೂವಿನ ಮೇಲೆ ಕೂರುವುದೂ ಇಲ್ಲ, ಗಾಳಿಯಲ್ಲೇ ನಿಂತು ಕುಡಿದು ಹೋಗುತ್ತದೆ. ಸಂಜೆ ಏಳೂವರೆಗೆ ಮಗಳನ್ನು ತಾರಸಿಗೆ ಕರೆದುಕೊಂಡು ಹೋಗಿ, ದೀಪ ಆರಿಸಿ, ಹತ್ತು ನಿಮಿಷ ಸುಮ್ಮನೆ ಕೂತುಕೊಳ್ಳಿ. ಯಾರು ಬರುತ್ತಾರೆಂದು ನೋಡಿ ಹೇಳಿ.

ಚಿಟ್ಟೆ ಹಗಲಿನ ಪ್ರಾಣಿ. ಬೆಳಿಗ್ಗೆ ರೆಕ್ಕೆ ಹರಡಿಕೊಂಡು ಮೈ ಬಿಸಿ ಮಾಡಿಕೊಳ್ಳುತ್ತದೆ, ಆಮೇಲೆ ಮುಖ್ಯವಾಗಿ ಕಣ್ಣಿನಿಂದ ಹೂ ಹುಡುಕುತ್ತದೆ. ದುಂಡುಮಲ್ಲಿಗೆಯಂಥ ಅಡುಕು ಎಸಳಿನ ಹೂವಿನಲ್ಲಿ ಅದಕ್ಕೆ ಸೊಂಡಿಲು ಇಳಿಸಲು ದಾರಿಯೇ ಸಿಗುವುದಿಲ್ಲ. ಅದೂ ಸಾಲದೆಂದು ಅಮ್ಮ ಮೊಗ್ಗಿನಲ್ಲೇ ಬಿಡಿಸುತ್ತಾರಲ್ಲವೇ? ಪತಂಗಕ್ಕೂ ಸಿಗಲಿಲ್ಲ, ಚಿಟ್ಟೆಗೂ ಸಿಗಲಿಲ್ಲ.

ಖಾಲಿ ಸೈಟಿನ ವಿಷಯ. ಅಲ್ಲಿ ಹಳದಿ ನಡುವಿನ, ಸುತ್ತ ಐದು ಬಿಳಿ ಎಸಳಿನ, ಉದ್ದ ತೊಟ್ಟಿನ ಪುಟ್ಟ ಹೂವು ಇರಬೇಕು. ಟ್ರೈಡಾಕ್ಸ್ ಎನ್ನುತ್ತಾರೆ. ಸಣ್ಣ ಚಿಟ್ಟೆಗಳಿಗೆ ಅದೇ ದರ್ಶಿನಿ. ಜೊತೆಗೆ ಎಕ್ಕ, ಹರಳು, ತಂಗಡಿ ಏನಾದರೂ ಇದ್ದೇ ಇರುತ್ತದೆ. ಅವು ಊಟಕ್ಕಲ್ಲ, ಬಾಣಂತನಕ್ಕೆ; ಚಿಟ್ಟೆ ಮೊಟ್ಟೆ ಇಡುವುದು ಅಂಥ ಎಲೆಗಳ ಮೇಲೆ.

ಪಾತರಗಿತ್ತಿ_ಪ್ಯಾಟಿ (ಧಾರವಾಡ), ಜುಲೈ 7

ಅಕ್ಕಾರ, ಮೇಷ್ಟ್ರು ಕಡೀಕ ಹೇಳಿದ ಮಾತು ಬಿಡಬ್ಯಾಡ್ರಿ, ಖರೇ ವಿಷಯ ಅಲ್ಲೇ ಐತಿ. ಮೂರು ವರ್ಷದ ಹಿಂದ ನಮ್ಮ ಹಿತ್ತಲದಾಗ ಕರಿಬೇವಿನ ಎಲಿ ಮ್ಯಾಲ ಗುಬ್ಬಿ ಹಿಕ್ಕಿ ಹಾಕಿಧಂಗ ಕಪ್ಪು-ಬಿಳಿ ಏನೋ ಕುಂತಿತ್ತು. ತೊಳದು ಒಗ್ಗರಣಿಗೆ ಹಾಕಬೇಕಂತ ಎಲಿ ಹರದ್ನಿ. ಹಿಕ್ಕಿ ನಡದಾಡಾಕತ್ತಿತು! ಕೈಯಾಗಿನ ಎಲಿ ಒಗದು ಒಳಗ ಓಡಿ ಬಂದ್ನಿ.

ಅದು ಲೈಮ್ ಚಿಟ್ಟಿ ಮರಿ ಅಂತ ಆಮ್ಯಾಲ ಗೊತ್ತಾತು. ಹಕ್ಕಿ ತಿನಬಾರದಂತ ಹಿಕ್ಕಿ ವೇಷ ಹಾಕಿರ್ತೈತಿ. ನಾಕು ಸಲ ಪೊರಿ ಬಿಟ್ಟ ಮ್ಯಾಲ ಹಸರ ಆಗಿ ಎಲಿಯಾಗ ಎಲಿ ಆಗಿಬಿಡ್ತೈತಿ. ಆವಾಗ ಬೆರಳಲೆ ಮೆತ್ತಗ ಮುಟ್ಟಿ ನೋಡ್ರಿ, ತಲಿ ಹಿಂದಿಂದ ಕೆಂಪನ್ನ ಎರಡು ಕೊಂಬು ತಗದು ಹೆದರಸ್ತೈತಿ. ವಾಸನೀನೂ ಬರ್ತೈತಿ, ಕೊಳತ ನಿಂಬಿಹಣ್ಣಿಂದು. ನಮ್ಮ ಅತ್ತಿಯವರು ಮೊದಲಿಗೆ "ಇವಳಿಗೆ ಹುಚ್ಚು ಹಿಡದೈತಿ" ಅಂತಿದ್ರು, ಈಗ ಅವರೇ ಮುಂಜಾನೆ ಎದ್ದು ಎಷ್ಟು ಮರಿ ಅದಾವ ಅಂತ ಎಣಸ್ತಾರ.

ಹೂವು ಹಾಕಿದ್ರ ಪಾತರಗಿತ್ತಿ ಬಂದು ಚಾ ಕುಡದು ಹೋಗ್ತಾವ. ಎಲಿ ಹಾಕಿದ್ರ ಸಂಸಾರ ಹೂಡ್ತಾವ. ಕರಿಬೇವು ಒಂದು, ನಿಂಬಿ ಒಂದು ಹಚ್ರಿ. ಎರಡೂ ಹೂವಿಗೆ ಘಮಾನೂ ಐತಿ, ಅಮ್ಮಾವ್ರಿಗೂ ಒಪ್ಪಿಗಿ ಆಗ್ತೈತಿ.

ಹಳೇಪೇಟೆ_ತೋಟಗಾರ (ಬೆಂಗಳೂರು), ಜುಲೈ 7

ಇಷ್ಟೆಲ್ಲ ಯಾಕೆ? ಮೂಲೆಗೆ ಒಂದು ಲಾಂಟಾನಾ ಹಾಕಿ. ನೀರು ಬೇಡ, ಗೊಬ್ಬರ ಬೇಡ, ವರ್ಷಪೂರ್ತಿ ಹೂವು, ವರ್ಷಪೂರ್ತಿ ಚಿಟ್ಟೆ. ನಮ್ಮ ತಂದೆ ಕಾಲದಿಂದ ಬೇಲಿಗೆ ಇದೆ. ಹುಳ ಸಾಕಿ ಅನ್ನೋ ಸಲಹೆ ನನಗೆ ಒಪ್ಪಿಗೆ ಇಲ್ಲ. ತೋಟ ಮಾಡೋದು ಎಲೆ ಚೆನ್ನಾಗಿರಲಿ ಅಂತ.

ಚಿಟ್ಟೆಮೇಷ್ಟ್ರು (ಮೈಸೂರು), ಜುಲೈ 7

ಹಳೇಪೇಟೆಯವರೇ, ಲಾಂಟಾನಾದಲ್ಲಿ ಮಕರಂದ ಇರುವುದು ನಿಜ, ಚಿಟ್ಟೆ ಬರುವುದೂ ನಿಜ. ಆದರೆ ಅದರ ಹಣ್ಣನ್ನು ಪಿಕಳಾರ ತಿಂದು ಎಲ್ಲೆಲ್ಲೋ ಬಿತ್ತುತ್ತದೆ. ಅಮೆರಿಕದ ಉಷ್ಣವಲಯದ ಈ ಗಿಡವನ್ನು ಬ್ರಿಟಿಷರ ಕಾಲದಲ್ಲಿ ಅಂದಕ್ಕೆಂದು ತಂದದ್ದು. ಇವತ್ತು ಬಂಡೀಪುರದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಅದು ಹೇಗೆ ನೆಲ ಮುಚ್ಚಿದೆ ಎಂದು ಒಮ್ಮೆ ಹೋಗಿ ನೋಡಿ. ಹುಲ್ಲು ಏಳುವುದಿಲ್ಲ, ಸಸಿ ಏಳುವುದಿಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿ ಕಡಿದು ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ಆದರೂ ಮುಗಿಯುತ್ತಿಲ್ಲ. ಇದ್ದ ಬೇಲಿ ಕಿತ್ತುಹಾಕಿ ಎನ್ನಲು ನಾನು ಯಾರು, ಹೊಸದಾಗಿ ನೆಡುವವರಿಗೆ ಮಾತ್ರ ಬೇಡ ಎನ್ನುತ್ತೇನೆ. ಅದೇ ಕೆಲಸವನ್ನು ಪೆಂಟಾಸ್ ಮಾಡುತ್ತದೆ. ಅದೂ ಹೊರಗಿನದೇ, ಆಫ್ರಿಕಾದ್ದು. ಆದರೆ ಕಾಡಿಗೆ ಓಡಿಹೋಗುವ ಚಾಳಿ ಇಲ್ಲ.

ಹಳೇಪೇಟೆ_ತೋಟಗಾರ (ಬೆಂಗಳೂರು), ಜುಲೈ 7

ನನ್ನ ಬೇಲಿಯಿಂದ ಬಂಡೀಪುರ 200 ಕಿಲೋಮೀಟರ್ ದೂರ ಸ್ವಾಮಿ. ಇರಲಿ. ಪೆಂಟಾಸ್ ಒಪ್ಪಿದೆ, ಅದು ಒಳ್ಳೆ ಗಿಡ.

ಗುಡ್ಡೆಕೇಪಳ (ಕಾರ್ಕಳ ಹತ್ತಿರ), ಜುಲೈ 8

ನಮ್ಮಲ್ಲಿ ಈಗ ಮಳೆ ಎಂಥ ಹುಚ್ಚು ಉಂಟು ಅಂದ್ರೆ ಚಿಟ್ಟೆ ಬಿಡಿ, ನಾವೇ ಹೊರಗೆ ಬರುದಿಲ್ಲ. ಹಾಗಾಗಿ ಕೂತು ಬರೀತಿದ್ದೇನೆ.

ನಮ್ಮ ಕಡೆ ಚಿಟ್ಟೆ ಹೂವು ಅಂದ್ರೆ ಮೊದಲನೇದು ಕೇಪಳ. ಗುಡ್ಡೆಯಲ್ಲಿ ತಾನಾಗಿ ಬೆಳೀತದೆ, ಸಣ್ಣವರಿರುವಾಗ ಹೂ ಕಿತ್ತು ನಳಿಕೆ ಚೀಪ್ತಾ ಇದ್ದೆವು. ಅದೇ ಮಕರಂದಕ್ಕೆ ಬ್ಲೂ ಮಾರ್ಮನ್ ಬರ್ತದೆ, ಅಂಗೈ ಅಗಲದ ಕಪ್ಪು ರೆಕ್ಕೆ, ಹಿಂದೆ ನೀಲಿ. ಎರಡನೇದು ರಥದ ಹೂ. ದೇವರ ತೇರಿನ ಹಾಗೆ ಅಂತಸ್ತು ಅಂತಸ್ತಾಗಿ ಕೆಂಪು ಗೊಂಚಲು. ಮನೆ ಹಿಂದಿನ ಗುಡ್ಡೆಯಲ್ಲಿ ಈಶ್ವರಿ ಬಳ್ಳಿ ಉಂಟು, ಅದರ ಎಲೆಯೇ ಮರಿಗೆ ಊಟ, ಅದರ ದೆಸೆಯಿಂದ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ರಥದ ಹೂವಿಗೆ ಬರ್ತದೆ. ಅರಶಿನ-ಕಪ್ಪು, 15-16 ಸೆಂಟಿಮೀಟರ್ ಅಗಲ, ಹಾರುವಾಗ ಹಕ್ಕಿಯೇ ಅಂತ ಅನಿಸ್ತದೆ. ಬೆಂಗಳೂರಿನ ಕಾಂಪೌಂಡಿಗೆ ಅದನ್ನು ಕಾಯ್ಬೇಡಿ ಅಕ್ಕ. ಆದ್ರೆ ಈಶ್ವರಿ ಬಳ್ಳಿ ಹಾಕಿದ್ರೆ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಅನ್ನುವ ಚಿಟ್ಟೆಗಳು ನಿಮ್ಮಲ್ಲಿಗೂ ಬರ್ಬಹುದು.

ಒಂದು ಮುಖ್ಯ ವಿಷಯ. ಕೇಪಳವನ್ನು ಗೋಡೆ ಬುಡದಲ್ಲಿ ನೆಡ್ಬೇಡಿ. ನಮ್ಮ ಮುರಕಲ್ಲಿನ ಮಣ್ಣು ಹುಳಿ, ಅದಕ್ಕೆ ಅದೇ ಬೇಕು. ಕಾಂಪೌಂಡಿನ ಸಿಮೆಂಟಿನಿಂದ ಸುಣ್ಣದ ಅಂಶ ಮಣ್ಣಿಗೆ ಇಳಿದ್ರೆ ಗಿಡಕ್ಕೆ ಕಬ್ಬಿಣ ಸಿಗುದಿಲ್ಲ. ಎಲೆ ಅರಶಿನ ಆಗ್ತದೆ, ನರ ಮಾತ್ರ ಹಸಿರು ಉಳೀತದೆ. ಬೆಂಗಳೂರಲ್ಲಿ ತಂಗಿ ಮನೆಯಲ್ಲಿ ಮೂರು ಕೇಪಳ ಹೀಗೇ ಕುಂತುಹೋದವು, ಅವಳು ಗೊಬ್ಬರ ಹಾಕಿದ್ದೇ ಹಾಕಿದ್ದು. ಕುಂಡಕ್ಕೆ ತೆಗೆದು ಬೇರೆ ಮಣ್ಣು ಕೊಟ್ಟ ಮೇಲೆ ಎರಡು ತಿಂಗಳಲ್ಲಿ ಹಸಿರಾಯ್ತು.

ಎರಡಡಿಪಾತಿ (ಬೆಂಗಳೂರು), ಜುಲೈ 9

ಮೇಷ್ಟ್ರೇ, ನಿನ್ನೆ ದೀಪ ಆರಿಸಿ ಕೂತಿದ್ವಿ. ಏಳು ಮುಕ್ಕಾಲಿಗೆ ಸುಗಂಧರಾಜದ ಮುಂದೆ ಏನೋ ಗುಯ್ ಅಂತ ನಿಂತಿತು. ಮಗಳು "ಅಮ್ಮಾ, ಹೆಲಿಕಾಪ್ಟರ್" ಅಂದಳು. ಅಮ್ಮ ಮಾತ್ರ ತಣ್ಣಗೆ "ಇದು ದಿನಾ ಬರುತ್ತಲ್ಲ" ಅಂದರು! ಎಂಟು ತಿಂಗಳಿಂದ ಅವರು ನೋಡ್ತಾನೇ ಇದ್ದಾರೆ, ನಾವು ಕೇಳಿಲ್ಲ, ಅವರು ಹೇಳಿಲ್ಲ.

ಸರಿ, ಘಮವೂ ಇದ್ದು ಹಗಲು ಚಿಟ್ಟೆಗೂ ಆಗೋ ಹೂವು ಯಾವುದೂ ಇಲ್ಲವೇ? ಎಲೆ ತಿನ್ನಿಸೋಕೆ ನಾನು ರೆಡಿ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಚಿಟ್ಟೆಮೇಷ್ಟ್ರು (ಮೈಸೂರು), ಜುಲೈ 9

ಇವೆ, ಕಡಿಮೆ ಇವೆ. ನನ್ನ ಮೊದಲ ಮತ ಮಧುಕಾಮಿನಿಗೆ. ಕಾಡುಕರಿಬೇವು ಎಂದೂ ಕರೆಯುತ್ತಾರೆ. ಕಿತ್ತಳೆ ಹೂವಿನ ಘಮ, ಮಳೆ ಬಿದ್ದ ಮೇಲೆ ಗಿಡ ತುಂಬಾ ಒಮ್ಮೆಲೇ ಬಿಳಿಯಾಗುತ್ತದೆ. ನಿಂಬೆ ಕುಲದ್ದೇ ಆದ್ದರಿಂದ ಕಾಮನ್ ಮಾರ್ಮನ್ ಚಿಟ್ಟೆ ಅದರ ಎಲೆಯ ಮೇಲೂ ಮೊಟ್ಟೆ ಇಡುತ್ತದೆ. ಘಮ, ಹೂವು, ಬಾಣಂತನ ಮೂರೂ ಒಂದೇ ಗಿಡದಲ್ಲಿ. ಕತ್ತರಿ ಹಾಕಿ ಮೂರು ಅಡಿಯಲ್ಲಿ ನಿಲ್ಲಿಸಬಹುದು, 14 ಇಂಚಿನ ಕುಂಡದಲ್ಲಿ ವರ್ಷಗಟ್ಟಲೆ ಇರುತ್ತದೆ.

ಎರಡನೆಯದು ರಂಗೂನ್ ಮಲ್ಲಿಗೆ. ಇದರ ಆಟ ನೋಡಲೇಬೇಕು. ಸಂಜೆ ಬಿಳಿಯಾಗಿ, ಘಮಘಮ ಎಂದು ಅರಳುತ್ತದೆ. ಆ ರಾತ್ರಿ ಅದರ ಗಿರಾಕಿ ಹಾಕ್‌ಮಾತ್. ಮರುದಿನ ಗುಲಾಬಿಯಾಗುತ್ತದೆ, ಅದರ ಮರುದಿನ ಕೆಂಪು. ಬಣ್ಣ ಏರಿದಂತೆ ಹಗಲಿನವರು ಬರಲು ಶುರು, ಜೇನು, ಚಿಟ್ಟೆ, ಸೂರಕ್ಕಿ. ಒಂದೇ ಗೊಂಚಲಲ್ಲಿ ಮೂರು ದಿನದ ಮೂರು ಬಣ್ಣ ಇರುತ್ತದೆ. ರಾತ್ರಿ ಪಾಳಿ, ಹಗಲು ಪಾಳಿ ಎರಡನ್ನೂ ನಡೆಸುವ ಹೂವು ನಮ್ಮ ಮನೆಗಳಲ್ಲಿ ಇನ್ನೊಂದು ನನಗೆ ಕಂಡಿಲ್ಲ. ಆದರೆ ಬಳ್ಳಿಗೆ ಹಸಿವು ಜಾಸ್ತಿ. ಕುಂಡಕ್ಕೆ ಬೇಡ, ನಿಮ್ಮ ಪಾತಿಯ ಕೊನೆಗೆ ನೆಟ್ಟು ಗೇಟಿನ ಮೇಲೆ ಹಬ್ಬಿಸಿ. ವರ್ಷಕ್ಕೊಮ್ಮೆ ಕರುಣೆ ಇಲ್ಲದೆ ಕತ್ತರಿಸಿ, ಇಲ್ಲವಾದರೆ ವಿದ್ಯುತ್ ತಂತಿ ಹಿಡಿಯುತ್ತದೆ.

ಸಂಪಿಗೆಯ ಎಲೆಗೆ ಟೇಲ್ಡ್ ಜೇ ಚಿಟ್ಟೆ ಬರುತ್ತದೆ. ಕಸಿ ಸಂಪಿಗೆ ದೊಡ್ಡ ಡ್ರಮ್ಮಿನಲ್ಲಿ ಬೇಗ ಹೂ ಬಿಡುತ್ತದೆ. ಕಾಮಕಸ್ತೂರಿ, ತುಳಸಿ ಅಂಚಿಗೆ ಇರಲಿ, ಕೈ ತಾಗಿದರೆ ಘಮ. ಅದರ ಹೂವಿಗೆ ಜೇನು ಹೆಚ್ಚು, ಚಿಟ್ಟೆ ಆಗಾಗ.

ನರ್ಸರಿಹುಡುಗ (ಹೊಸಕೋಟೆ ಕಡೆ), ಜುಲೈ 10

ಮೇಡಂ, ನಾನು ನರ್ಸರಿಯಲ್ಲಿ ಕೆಲಸ ಮಾಡ್ತೀನಿ, ಅದಕ್ಕೆ ನೇರವಾಗಿ ಹೇಳ್ತೀನಿ. ಪೆಂಟಾಸ್ ತಗೊಳ್ಳುವಾಗ ದಟ್ಟ ಕೆಂಪು ಅಥವಾ ಗುಲಾಬಿದು, ಎತ್ತರ ಬೆಳೆಯೋ ಹಳೇ ಜಾತಿ ಕೇಳಿ. ಗಿಡ್ಡ ಕುಂಡದ ಜಾತಿ ನೋಡೋಕೆ ಚೆಂದ, ಆದರೆ ನಮ್ಮಲ್ಲೇ ಎರಡೂ ಅಕ್ಕಪಕ್ಕ ಇಟ್ಟಾಗ ಚಿಟ್ಟೆ ಎತ್ತರದ್ದಕ್ಕೇ ಹೋಗುತ್ತೆ. ಝಿನಿಯಾ, ಚೆಂಡುಹೂವು ಒಂಟಿ ಎಸಳಿನದು ಇರಲಿ. ನಡುವೆ ಹಳದಿ ಗುಂಡಿ ಕಾಣ್ತಿರಬೇಕು. ಉಂಡೆ ಥರ ತುಂಬಿದ್ದು ಹಾರಕ್ಕೆ ಸರಿ, ಚಿಟ್ಟೆಗಲ್ಲ. ಝಿನಿಯಾ ಗಿಡ ಕೊಳ್ಳಬೇಡಿ, ಬೀಜ ಹಾಕಿ. ಎರಡು ತಿಂಗಳೊಳಗೆ ಹೂವು.

ಒಂದೊಂದು ಬಣ್ಣದ್ದು ಒಂದೊಂದು ಗಿಡ ಅಂತ ಸಾಲಾಗಿ ನೆಡೋದು ಎಲ್ಲರೂ ಮಾಡೋ ತಪ್ಪು. ಒಂದೇ ಬಣ್ಣದ ಐದಾರು ಗಿಡ ಗುಂಪಾಗಿ ಇದ್ದರೆ ಮೇಲಿಂದ ಹಾರೋ ಚಿಟ್ಟೆಗೆ ಬೋರ್ಡ್ ಬರೆದ ಹಾಗೆ. ಕುಂಡಕ್ಕೆ ಕೆಂಪು ಮಣ್ಣು ಎರಡು ಭಾಗ, ಎರೆಗೊಬ್ಬರ ಒಂದು, ಕೋಕೋಪೀಟ್ ಒಂದು. ಬೇವಿನ ಹಿಂಡಿ ಎಲ್ಲರೂ ಹಾಕ್ತಾರೆ. ನಿಮಗೆ ಬೇಡ, ಹುಳ ಸಾಕೋರಿಗೆ ಅದು ಯಾಕೆ. ಪೆಂಟಾಸ್ ಒಂದು ಸುತ್ತು ಹೂ ಮುಗಿದ ಮೇಲೆ ಮೂರನೇ ಒಂದು ಭಾಗ ಕತ್ತರಿಸಿ. ಕತ್ತರಿಸಿದ ಕಡ್ಡಿ ಬಿಸಾಡಬೇಡಿ, ನೆರಳಲ್ಲಿ ಒದ್ದೆ ಮರಳಿಗೆ ಚುಚ್ಚಿದರೆ ಮೂರು ವಾರದಲ್ಲಿ ಬೇರು ಬರುತ್ತೆ. ಹಿಂಗೆ ಹೇಳಿದ್ದು ನಮ್ಮ ಓನರ್‌ಗೆ ಗೊತ್ತಾಗಬಾರದು.

ಜರ್ಸಿಕನ್ನಡಿಗ (ನ್ಯೂಜೆರ್ಸಿ), ಜುಲೈ 10

ಇಲ್ಲಿ ನಮ್ಮ ಹಿತ್ತಲಲ್ಲಿ ಈಗ ಮಿಲ್ಕ್‌ವೀಡ್ ಹೂ ಬಿಟ್ಟಿದೆ. ನಮ್ಮ ಎಕ್ಕದ ನೆಂಟ. ಎಲೆ ಮುರಿದರೆ ಅದೇ ಬಿಳಿ ಹಾಲು. ಆಶ್ಚರ್ಯ ಅಂದರೆ ಇದರ ಹೂವಿಗೆ ಜೋರು ಘಮ, ಮಾನಾರ್ಕ್ ಚಿಟ್ಟೆಯ ಮರಿಗೆ ಇದೇ ಊಟ. ಘಮ ಮತ್ತು ಹಗಲು ಚಿಟ್ಟೆ ಎರಡೂ ಕೂಡಿಬಂದ ಗಿಡ ಅಂದರೆ ನನಗೆ ಇದೇ. ಬೆಂಗಳೂರಿನ ನರ್ಸರಿಗಳಲ್ಲಿ ಕೆಂಪು-ಹಳದಿ ಹೂವಿನ ಮಿಲ್ಕ್‌ವೀಡ್ ಸಿಗುತ್ತಲ್ಲ, ಅದಕ್ಕೆ ಪ್ಲೇನ್ ಟೈಗರ್ ಚಿಟ್ಟೆ ಬರುತ್ತೆ, ಅಮ್ಮನ ಮನೆಯಲ್ಲಿ ನೋಡಿದ್ದೇನೆ. ಘಮ ಮಾತ್ರ ಇಲ್ಲ. ಹಾಲು ಕಣ್ಣಿಗೆ ತಾಗಿಸಿಕೊಳ್ಳಬೇಡಿ, ಮಗುವಿಗೂ ಹೇಳಿ.

ಎರಡಡಿಪಾತಿ (ಬೆಂಗಳೂರು), ಜುಲೈ 28

ಖುಷಿ ಸುದ್ದಿ ಬರೆಯೋಣ ಅಂತ ಕಾಯ್ತಿದ್ದೆ, ಕೆಟ್ಟ ಸುದ್ದಿ ಬರೀತಿದ್ದೀನಿ.

ಎರಡೂವರೆ ವಾರದ ಹಿಂದೆ ಒಂದು ನರ್ಸರಿಯಿಂದ ಆರು ಪೆಂಟಾಸ್, ಎರಡು ಮಿಲ್ಕ್‌ವೀಡ್ ತಂದೆ. ಗಿಡ ಎಷ್ಟು ಚೆನ್ನಾಗಿತ್ತು ಅಂದರೆ ಒಂದು ಎಲೆಯಲ್ಲೂ ತೂತಿಲ್ಲ. ಹತ್ತೇ ದಿನಕ್ಕೆ ಕಿತ್ತಳೆ ಬಣ್ಣದ ಚಿಟ್ಟೆ ಬಂದು ಮಿಲ್ಕ್‌ವೀಡ್ ಎಲೆಯಡಿ ಬಾಲ ಬಗ್ಗಿಸಿ ಬಗ್ಗಿಸಿ ಹೋಯ್ತು. ಬಿಳಿ ಚುಕ್ಕಿ ಥರ ಮೊಟ್ಟೆ, ನಾಲ್ಕು ದಿನಕ್ಕೆ ಮರಿ. ಕಪ್ಪು, ಬಿಳಿ, ಹಳದಿ ಪಟ್ಟೆ. ಮಗಳು 11 ಎಣಿಸಿ ಎಲ್ಲಕ್ಕೂ ಹೆಸರಿಟ್ಟಳು. ಮೂರನೇ ದಿನ ಒಂದೊಂದೇ ಜೋತು ಬಿದ್ದವು. ಕೆಲವು ಕಪ್ಪಾಗಿ ಎಲೆಗೆ ಅಂಟಿಕೊಂಡಿದ್ದವು, ಮುಟ್ಟಿದರೆ ನೀರು. ಈಗ ಒಂದೂ ಇಲ್ಲ. ಮಗಳು ಶಾಲೆಯಿಂದ ಬಂದು ತಾರಸಿಗೆ ಹೋಗೋದೇ ಬಿಟ್ಟಿದ್ದಾಳೆ. ನಾನೇನು ತಪ್ಪು ಮಾಡಿದೆ?

ನರ್ಸರಿಹುಡುಗ (ಹೊಸಕೋಟೆ ಕಡೆ), ಜುಲೈ 28

ನೋಡದೆ ಖಚಿತವಾಗಿ ಹೇಳೋಕಾಗಲ್ಲ ಮೇಡಂ, ರೋಗ ಬಂದೂ ಸಾಯ್ತವೆ. ಆದರೆ "ಒಂದು ಎಲೆಯಲ್ಲೂ ತೂತಿಲ್ಲ" ಅಂದ್ರಲ್ಲ, ನನಗೆ ಅಲ್ಲೇ ಡೌಟ್ ಬಂತು. ಮಾರೋ ಗಿಡಕ್ಕೆ ಇಮಿಡಾಕ್ಲೋಪ್ರಿಡ್ ಥರದ ಕೀಟನಾಶಕ ಕೊಡೋ ರೂಢಿ ನಮ್ಮ ಕಡೆ ಬಹಳ. ಅಂತರ್ವ್ಯಾಪಿ ಅಂತಾರೆ. ಎಲೆ ಮೇಲೆ ಕೂರೋದಲ್ಲ, ರಸದ ಜೊತೆ ಗಿಡದೊಳಗೆ ಓಡಾಡುತ್ತೆ. ತೊಳೆದರೆ ಹೋಗಲ್ಲ. ಎಲೆ ತಿಂದ ಮರಿಗೂ ವಿಷ, ಮಕರಂದದಲ್ಲೂ ಬರುತ್ತೆ. ಗಿರಾಕಿ ತೂತು ಇರೋ ಗಿಡ ಮುಟ್ಟಲ್ಲ, ಅದಕ್ಕೆ ನಾವು ಹೊಡೀತೀವಿ. ಯಾರದು ತಪ್ಪು ಅಂತ ನೀವೇ ಹೇಳಿ.

ಆ ಮಿಲ್ಕ್‌ವೀಡನ್ನು ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಹೊಸ ಚಿಗುರನ್ನೂ ಒಂದೆರಡು ಸಲ ಕತ್ತರಿಸಿ, ಮೂರು-ನಾಲ್ಕು ತಿಂಗಳು ಸೊಳ್ಳೆ ಪರದೆ ಬಟ್ಟೆ ಮುಚ್ಚಿಡಿ. ಅದಕ್ಕಿಂತ ಸುಲಭ, ಅದರ ಬೀಜದ ಕಾಯಿ ಬಂದಾಗ ಬೀಜದಿಂದ ಹೊಸ ಗಿಡ ಮಾಡಿ. ಮುಂದೆ ಗಿಡ ತಗೊಳ್ಳುವಾಗ ತೂತು ಬಿದ್ದಿರೋದನ್ನೇ ಆರಿಸಿ. ಚೌಕಾಸಿನೂ ಮಾಡಬಹುದು.

ಎರಡಡಿಪಾತಿ (ಬೆಂಗಳೂರು), ಜುಲೈ 28

ಇನ್ನೊಂದು ವಿಷಯ ಈಗ ಗೊತ್ತಾಯ್ತು. ದಾಸವಾಳಕ್ಕೆ ಹಿಟ್ಟು ತಿಗಣೆ ಬಂದಿದೆ ಅಂತ ಅಮ್ಮ ಎಲ್ಲಾ ಕುಂಡಕ್ಕೂ ಬೇವಿನ ಎಣ್ಣೆ ಹೊಡೆದಿದ್ದಾರಂತೆ. "ಬೇವು ತಾನೇ, ವಿಷವೇನು" ಅಂತಾರೆ.

ಚಿಟ್ಟೆಮೇಷ್ಟ್ರು (ಮೈಸೂರು), ಜುಲೈ 29

ಅಮ್ಮನಿಗೆ ಬೇವು ಔಷಧಿ, ಮರಿಗೆ ಅದು ಊಟ ಬಿಡಿಸುವ, ಪೊರೆ ಬಿಡಲು ಬಿಡದ ವಸ್ತು. ಬಿ.ಟಿ. ಎಂಬ ಬ್ಯಾಕ್ಟೀರಿಯಾದ ಸಿಂಪಡಣೆ ಅಂತೂ ಮರಿಹುಳುಗಳನ್ನು ಕೊಲ್ಲಲೆಂದೇ ಇರುವುದು. "ಸಾವಯವ" ಎಂದು ಬಾಟಲಿ ಮೇಲೆ ಬರೆದಿದ್ದರೆ ಚಿಟ್ಟೆಗೆ ಕ್ಷೇಮ ಎಂದು ಅರ್ಥವಲ್ಲ. ಹಿಟ್ಟು ತಿಗಣೆಯನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಮಿಲ್ಕ್‌ವೀಡಿಗೆ ಹಳದಿ ಸಸ್ಯಹೇನು ಖಂಡಿತ ಬರುತ್ತದೆ, ಬೆರಳಿನಿಂದ ಒರೆಸಿ, ಇಲ್ಲವೇ ಪೈಪಿನ ನೀರು ಬಿಡಿ. ಅದಕ್ಕೆ ಮೊದಲು ಎಲೆಯಡಿ ಮೊಟ್ಟೆ ಇದೆಯೇ ಎಂದು ನೋಡಿಕೊಳ್ಳಿ.

ಇನ್ನೊಂದು ಮಾತು, ಮಗಳಿಗೆ. ಹೊಲದಲ್ಲೂ ಹತ್ತು ಮರಿಯಲ್ಲಿ ಹತ್ತೂ ಚಿಟ್ಟೆಯಾಗುವುದಿಲ್ಲ. ಕಣಜ, ಇರುವೆ, ಜೇಡ, ಗುಬ್ಬಿ ಎಲ್ಲಕ್ಕೂ ಪಾಲಿದೆ. ಹಾಗಾಗಿಯೇ ತಾಯಿ ಒಂದೊಂದು ಎಲೆಗೆ ಒಂದೊಂದು ಇಟ್ಟು ಹೋಗುವುದು. ಅವಳು ಹೆಸರಿಡುವುದನ್ನು ನಿಲ್ಲಿಸದಿರಲಿ.

ಪಾತರಗಿತ್ತಿ_ಪ್ಯಾಟಿ (ಧಾರವಾಡ), ಜುಲೈ 29

ಹುಡುಗಿಗೆ ಹೇಳ್ರಿ, ನಮ್ಮ ಮೊದಲನೇ ವರ್ಷ 14 ಮರಿಯಾಗ ಎರಡು ಉಳದಿದ್ದು. ಒಂದಂತೂ ನಮ್ಮ ಮಾವನವರ ಚಪ್ಪಲಿ ಒಳಗ ಹೋಗಿ ಕೋಶ ಕಟ್ಟಿತ್ತು. ಅವರು ಎಂಟು ದಿನ ಬರಿಗಾಲಿಲೆ ಹಾಲಿನಂಗಡಿಗೆ ಹೋಗಿ ಬಂದ್ರು.

ಹಳೇಪೇಟೆ_ತೋಟಗಾರ (ಬೆಂಗಳೂರು), ಜುಲೈ 30

ಪಾತಿಯಲ್ಲಿ ಈಗ ಏನು ನೆಟ್ಟಿದ್ದೀರಿ, ಕ್ರಮ ಹೇಳಿ. ಹುಳದ ವಿಚಾರ ನಿಮಗೆ ಬಿಟ್ಟಿದ್ದು, ನೆಡೋದರಲ್ಲಿ ತಪ್ಪಾಗಬಾರದು.

ಎರಡಡಿಪಾತಿ (ಬೆಂಗಳೂರು), ಜುಲೈ 30

ಗೇಟಿನ ಕಡೆ ರಂಗೂನ್ ಮಲ್ಲಿಗೆ. ಗೋಡೆ ಬದಿ ಮಧುಕಾಮಿನಿ, ಕರಿಬೇವು, ನಡುವೆ 4 ಅಡಿ ಬಿಟ್ಟಿದ್ದೀನಿ. ಅದರ ಮುಂದೆ ಪೆಂಟಾಸ್ ಆರೂ ಒಟ್ಟಿಗೆ. ಉಳಿದ ಜಾಗಕ್ಕೆ ಝಿನಿಯಾ ಬೀಜ. ಅಂಚಿನಲ್ಲಿ ಕಾಮಕಸ್ತೂರಿ. ಕೇಪಳ, ನಿಂಬೆ ತಾರಸಿಯ ಕುಂಡಕ್ಕೆ. ಕಣಗಿಲೆ ಕುಂಡನ ತಾರಸಿಯಲ್ಲೇ ಮಲ್ಲಿಗೆ ಪಕ್ಕದ ಮೂಲೆಗೆ ಸರಿಸಿದೆ. ಮಲ್ಲಿಗೆ ಒಂದೂ ಕದಲಿಸಿಲ್ಲ, ಅದು ಅಮ್ಮನ ಜೊತೆ ಆದ ಒಪ್ಪಂದ.

ಹಳೇಪೇಟೆ_ತೋಟಗಾರ (ಬೆಂಗಳೂರು), ಜುಲೈ 30

ಗೋಡೆಯಿಂದ ಒಂದು ಅಡಿ ಈಚೆ ಇರಲಿ ಎಲ್ಲ ಗಿಡ. ಗೋಡೆ ಬುಡದಲ್ಲಿ ಗಾರೆ ಚೂರು, ಇಟ್ಟಿಗೆ ಚೂರು ಹೂತಿರ್ತಾರೆ, ಒಂದೂವರೆ ಅಡಿ ಅಗೆದು ತೆಗೆದಿರಿ ತಾನೇ? ಒಂದು ಮಣ್ಣಿನ ತಟ್ಟೆಯಲ್ಲಿ ಕೆಸರು ಮಾಡಿ ಚಿಟಿಕೆ ಉಪ್ಪು ಹಾಕಿಡಿ. ಗಂಡು ಚಿಟ್ಟೆ ಉಪ್ಪು ಹೀರೋಕೆ ಬರುತ್ತೆ. ಇದು ನನಗೆ ಹೇಗೆ ಗೊತ್ತು ಅಂತ ಕೇಳಬೇಡಿ.

ಗುಡ್ಡೆಕೇಪಳ (ಕಾರ್ಕಳ ಹತ್ತಿರ), ಜುಲೈ 30

ಹಳೇಪೇಟೆಯವರು ಸಿಕ್ಕಿಬಿದ್ರು ಮಾರಾಯ್ರೆ 😄

ಎರಡಡಿಪಾತಿ (ಬೆಂಗಳೂರು), ಅಕ್ಟೋಬರ್ 19

ತುಂಬಾ ದಿನ ಆಯ್ತು. ಝಿನಿಯಾ ಎದೆಮಟ್ಟ ಬೆಳೆದು ಒಂದು ಮಳೆಗೆ ಅಡ್ಡ ಬಿತ್ತು, ಕೋಲು ಕಟ್ಟಿದ್ದೀನಿ. ಪೆಂಟಾಸ್ ಮೇಲೆ ಈಗ ಹನ್ನೊಂದು ಗಂಟೆಗೆ ಯಾರಾದರೊಬ್ಬರು ಇದ್ದೇ ಇರ್ತಾರೆ. ಈ ವಾರವಂತೂ ನೀಲಿ ಪಟ್ಟೆಯವು, ಕಂದು ಬಣ್ಣದವು ಗುಂಪುಗುಂಪಾಗಿ.

ಬರೆಯೋಕೆ ಬಂದಿದ್ದು ಅದಕ್ಕಲ್ಲ. ಮೊನ್ನೆ ಮಗಳು ಓಡಿ ಬಂದು "ಕಣಗಿಲೆಗೆ ಯಾರೋ ಕಿವಿಯೋಲೆ ತೂಗು ಹಾಕಿದ್ದಾರೆ" ಅಂದಳು. ಹೋಗಿ ನೋಡಿದರೆ ಎಲೆಯಡಿ ಬೆಳ್ಳಿ ಗುಂಡು. ನಿಜವಾಗಲೂ ಕನ್ನಡಿ, ನನ್ನ ಮುಖ ಅದರಲ್ಲಿ ಸೊಟ್ಟಗೆ ಕಾಣ್ತಿತ್ತು. ಅದರ ಪಕ್ಕದ ಎಲೆಗಳೆಲ್ಲ ನರ ಮಾತ್ರ ಉಳಿದಿವೆ. ಏನಿದು?

ಚಿಟ್ಟೆಮೇಷ್ಟ್ರು (ಮೈಸೂರು), ಅಕ್ಟೋಬರ್ 19

ಕಾಮನ್ ಕ್ರೋ ಚಿಟ್ಟೆಯ ಕೋಶ. ಕಣಗಿಲೆಯ ವಿಷ ಅದರ ಮರಿಗೆ ಏನೂ ಮಾಡುವುದಿಲ್ಲ. ಆ ಬೆಳ್ಳಿಗೆ ಬಣ್ಣದ ಪುಡಿ ಯಾವುದೂ ಇಲ್ಲ, ಕೋಶದ ಗೋಡೆಯ ತೆಳು ಪದರಗಳು ಬೆಳಕನ್ನು ಹಾಗೆ ವಾಪಸ್ ಕಳಿಸುತ್ತವೆ. ಸುತ್ತಲಿನ ಹಸಿರೇ ಅದರಲ್ಲಿ ಕಂಡು ಹಕ್ಕಿಗೆ ಗೊಂದಲವಾಗುತ್ತದೆ ಎಂದು ಹೇಳುವುದುಂಟು. ಕಪ್ಪಾಗಿ ಒಳಗಿನ ರೆಕ್ಕೆ ಕಂಡರೆ ಮರುದಿನ ಬೆಳಿಗ್ಗೆ ಬೇಗ ಏಳಿ.

ನೀವು ನೋಡಿದ ಗುಂಪು ಬ್ಲೂ ಟೈಗರ್ ಮತ್ತು ಇದೇ ಕ್ರೋಗಳು ಇರಬೇಕು. ಮುಂಗಾರಿಗೆ ಮೊದಲು ಪಶ್ಚಿಮ ಘಟ್ಟದಿಂದ ಮೂಡಣಕ್ಕೆ ಹೋದವು ಈ ತಿಂಗಳುಗಳಲ್ಲಿ ಹಿಂದಿರುಗುತ್ತವೆ. ದಾರಿಯಲ್ಲಿ ನಿಮ್ಮ ಪೆಂಟಾಸ್ ಸಿಕ್ಕಿದೆ. ಗಿಲಿಗಿಲಿ ಎನ್ನುವ ಕಾಯಿಯ ಕ್ರೊಟಲೇರಿಯಾ ಗಿಡ ಒಂದು ನೆಟ್ಟು ನೋಡಿ. ಅದರ ಒಣಗಿದ ಕಡ್ಡಿ, ಎಲೆಯನ್ನು ಗಂಡುಗಳು ಮುತ್ತಿಕೊಂಡು ಕೆರೆದು ಹೀರುತ್ತವೆ. ಹೆಣ್ಣನ್ನು ಒಲಿಸುವ ಸುಗಂಧ ಮಾಡಿಕೊಳ್ಳಲು ಬೇಕಾದ ಸರಕು ಅಲ್ಲಿದೆ. ಘಮದ ವಿಷಯ ನೀವು ಕೇಳಿದ್ದಿರಲ್ಲ, ಅವುಗಳಿಗೂ ಬೇಕು. ತಾವೇ ತಯಾರಿಸಿಕೊಳ್ಳುತ್ತವೆ.

ಎರಡಡಿಪಾತಿ (ಬೆಂಗಳೂರು), ಅಕ್ಟೋಬರ್ 27

ನಾವು ಬೇಗ ಏಳಲಿಲ್ಲ. ಅಮ್ಮ ಎದ್ದಿದ್ದರು. ಆರೂವರೆಗೆ ಪೂಜೆಗೆ ಹೂ ಬಿಡಿಸೋಕೆ ಹೋದವರು ಏಳು ಗಂಟೆಯಾದರೂ ಬರಲಿಲ್ಲ. ಹೋಗಿ ನೋಡಿದರೆ ಹೂಬುಟ್ಟಿ ನೆಲದ ಮೇಲೆ, ಅಮ್ಮ ತಲೆಕೆಳಗಾದ ಬಕೆಟ್ ಮೇಲೆ ಕೂತಿದ್ದಾರೆ. ಖಾಲಿ ಕೋಶ ಗಾಜಿನ ಚೂರಿನ ಥರ ನೇತಾಡ್ತಿತ್ತು, ಅದನ್ನೇ ಹಿಡಿದುಕೊಂಡು ಚಿಟ್ಟೆ ಮುದುಡಿದ ರೆಕ್ಕೆ ಒಣಗಿಸಿಕೊಳ್ತಿತ್ತು. ನನ್ನನ್ನು ನೋಡಿ ಅಮ್ಮ ಬಾಯಿ ಮೇಲೆ ಬೆರಳಿಟ್ಟರು.

ಅವತ್ತು ದೇವರಿಗೆ ಕಣಗಿಲೆ ಇಲ್ಲ. ಇನ್ನೊಂದು ಕೋಶ ಮಲ್ಲಿಗೆ ಕುಂಡದ ಅಂಚಿಗೇ ಕಟ್ಟಿದೆ, ಅಮ್ಮನ ಮಲ್ಲಿಗೆ. ಪೈಪ್ ತಾಗಬಾರದು ಅಂತ ಆ ಒಂದು ಕುಂಡಕ್ಕೆ ಈಗ ಕಾಫಿ ಲೋಟದಲ್ಲಿ ನೀರು ಹಾಕ್ತಿದ್ದಾರೆ.

ಪಾತರಗಿತ್ತಿ_ಪ್ಯಾಟಿ (ಧಾರವಾಡ), ಅಕ್ಟೋಬರ್ 27

ಅಮ್ಮಾವ್ರಿಗೆ ಇಲ್ಲೊಂದು ಖಾತೆ ತಗದು ಕೊಡ್ರಿ. ಎಂಟು ತಿಂಗಳು ಇನ್ನೇನೇನು ನೋಡ್ಯಾರೋ, ಅವರ ಬರೀಲಿ.